ನೂಲಿನ ಪದಗಳು ಮತ್ತು ನಿರುಕ್ತದ ಎಚ್ಚರ: ಐರಿಶ್ ನಿದರ್ಶನ

ಐರಿಶ್ ಭಾಷೆಯಲ್ಲಿ ನೂಲಿಗೆ ‘ಸ್ನಾಹ್’ ಎಂದೂ ಸೂಜಿಗೆ ‘ಸ್ನಾಹಿದ್’ ಎಂದೂ ಹೆಸರು. ಕೊಡತಿಕೀಟವನ್ನು ಆ ಜನ ‘ದೊಡ್ಡ ಸೂಜಿ’ ಎಂದೇ ಕರೆಯುತ್ತಾರೆ. ಈ ಪದಗಳ ಮೂಲವು ನೂಲುವ, ಹೊಲಿಯುವ ಅರ್ಥದ ಒಂದು ಇಂಡೋ-ಯುರೋಪಿಯನ್ ಧಾತು. ಗ್ರೀಕಿನ ‘ನೇಮಾ’, ಜರ್ಮನ್ನಿನ ‘ನಾಡೆಲ್’, ಇಂಗ್ಲಿಷಿನ ‘ನೀಡಲ್’ ಇವೆಲ್ಲವೂ ಅದೇ ಬಳಗದವು. ಐರಿಶ್‌ನಲ್ಲಿ ಆದಿಯ ಸಕಾರ ಉಳಿದಿದೆ. ಇವುಗಳಲ್ಲಿ ಅದು ಕಾಣದು.

ಈ ನಕಾರಾದಿ ಪದಗಳ ಸಾಲನ್ನು ಕಂಡ ಕನ್ನಡಿಗನಿಗೆ ‘ನೂಲು’ ಶಬ್ದವನ್ನೂ ಅಲ್ಲಿ ತಂದು ನಿಲ್ಲಿಸುವ ಆಸೆ ಹುಟ್ಟುವುದು ಸಹಜ. ಆದರೆ ಅದು ಒಪ್ಪತಕ್ಕ ಮಾತಲ್ಲ. ‘ನೂಲು’ ತಮಿಳು, ಮಲಯಾಳಂ, ತೆಲುಗುಗಳಲ್ಲಿ ಸಜಾತಿ ರೂಪಗಳನ್ನುಳ್ಳ ಅಚ್ಚ ದ್ರಾವಿಡ ಶಬ್ದ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶವು (1961) ಅದನ್ನು ಹಾಗೆಯೇ ದಾಖಲಿಸಿದೆ. ಅದರ ಲಕಾರ ಧಾತುವಿನದೇ ಅಂಗ. ‘ನೀಡಲ್’ ಪದದ ಲಕಾರವಾದರೋ ಸಾಧನವಾಚಿ ಪ್ರತ್ಯಯಕ್ಕೆ ಸೇರಿದ್ದು. ಕಿವಿಗೆ ಒಂದೇ ಎನಿಸಿದ ಮಾತ್ರಕ್ಕೆ ಕುಲ ಒಂದಾಗದು.

ನಿಜವಾದ ನಂಟು ಇರುವುದು ಹೋಲಿಕೆ ಕಣ್ಣಿಗೆ ಬೀಳದೆಡೆಯಲ್ಲಿ. ಹಗ್ಗ ಮತ್ತು ವಾದ್ಯದ ತಂತಿ ಎರಡನ್ನೂ ಸೂಚಿಸುವ ಐರಿಶ್‌ನ ‘ತೇದ್’, ಎಳೆದು ಹಿಗ್ಗಿಸುವ ಅರ್ಥದ ಧಾತುವಿನಿಂದ ಬಂದುದು. ಪ್ರಾಚೀನ ರೂಪದ ಅನುನಾಸಿಕ ಲೋಪವಾಗಿ ಸ್ವರ ದೀರ್ಘವಾಗಿದೆ. ಸಂಸ್ಕೃತದ ‘ತಂತು’, ‘ತಂತ್ರೀ’ ಅದರ ಸೋದರ ಪದಗಳು. ನಮ್ಮ ವೀಣೆಯ ‘ತಂತಿ’ ಅಲ್ಲಿಂದಲೇ ಬಂದಿತು. ಐರಿಶ್‌ನಲ್ಲಿ ಉಣ್ಣೆಗೆ ‘ಓಲನ್’ ಎನ್ನುತ್ತಾರೆ. ಲ್ಯಾಟಿನ್ನಿನ ‘ಲಾನಾ’, ಸಂಸ್ಕೃತದ ‘ಊರ್ಣಾ’ ಅದರ ಜ್ಞಾತಿಗಳು. ಊರ್ಣಾ ಪ್ರಾಕೃತದಲ್ಲಿ ‘ಉಣ್ಣಾ’ ಆಗಿ ಕನ್ನಡಕ್ಕೆ ‘ಉಣ್ಣೆ’ಯಾಗಿ ಇಳಿಯಿತು. ನಮ್ಮ ನಿಘಂಟುಗಳು ಇಂಥ ಪದದ ಮುಂದೆ ‘ತದ್ಭವ’ ಎಂದಷ್ಟೇ ಬರೆದು ಕೈತೊಳೆದುಕೊಂಡರೆ ಈ ದೀರ್ಘ ಪಯಣವೇ ಮರೆಯಾಗುತ್ತದೆ.

ಎರವಲು ಪದಗಳನ್ನು ಓದುವಾಗಲೂ ಎಚ್ಚರ ಬೇಕು. ರೇಷ್ಮೆಯನ್ನು ಹೇಳುವ ‘ಶೀದ’ ಲ್ಯಾಟಿನ್ ಮೂಲದ್ದು. ದೂರದಿಂದ ಬಂದ ವಸ್ತುವಿನೊಡನೆ ಹೆಸರೂ ಬಂದಿತೆನ್ನಲು ಅಡ್ಡಿಯಿಲ್ಲ. ನೂಲುವಾಗ ನಾರನ್ನು ಸುತ್ತಿಡುವ ಕೋಲಿನ ಹೆಸರಾದ ‘ಕಿಗಲ್’ ಕೂಡ ಲ್ಯಾಟಿನ್ನಿನದೇ. ಇದರಿಂದ ಐರಿಶ್ ಜನ ನೂಲುವ ವಿದ್ಯೆಯನ್ನೇ ರೋಮನ್ನರಿಂದ ಕಲಿತರೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ನೂಲು, ಸೂಜಿ ಎರಡರ ಹೆಸರೂ ದೇಶೀಯ. ಕದಿರಿನ ಹೆಸರಾದ ‘ಫರ್ಸಿದ್’ ಕೂಡ ತಿರುಗುವ ಅರ್ಥದ ಧಾತುವಿನಿಂದ, ಅಂದರೆ ಸಂಸ್ಕೃತದ ‘ವೃತ್ತ’, ‘ವರ್ತುಲ’ಗಳ ಮೂಲದಿಂದಲೇ ಹುಟ್ಟಿದೆ. ಕೋಲಿನ ಹೆಸರು ಹೊರಗಿನಿಂದ ಬರುವ ಮೊದಲೇ ಅಲ್ಲಿ ಕದಿರು ತಿರುಗುತ್ತಿದ್ದಿತು.