ಗಾಳ ಹಿಡಿದವರು, ನೀರು ಬಲ್ಲವರು



ಈ ಸಲದ ಅಂಕಣಕ್ಕೆ ವಿಷಯ ಒದಗಿಸಿದವನು ನಮ್ಮ ಸಂಘದ ಕಾರ್ಯಕ್ರಮಗಳಲ್ಲೇ ಆಡಿ ಬೆಳೆದ ಒಬ್ಬ ಹುಡುಗ. ಸೂರತ್ತಿನಲ್ಲಿ ಓದು ಮುಗಿಸಿ ಈಗ ಅಮೆರಿಕೆಯಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಅವನ ಆಫೀಸಿನವರು ಮೀನು ಹಿಡಿಯುವ ಪಂದ್ಯಕ್ಕೆ ಅವನ ಹೆಸರನ್ನೂ ಕೊಡುತ್ತೇವೆ ಅಂದರಂತೆ. ಹೊಸಬರನ್ನು ಒಬ್ಬೊಬ್ಬ ಅನುಭವಿಯ ಜೊತೆ ದೋಣಿಯಲ್ಲಿ ಕೂರಿಸುತ್ತಾರಂತೆ. "ಮಾಸಿ, ನನಗೆ ಗಾಳಕ್ಕೆ ಹುಳು ಸಿಕ್ಕಿಸುವುದಕ್ಕೂ ಬರುವುದಿಲ್ಲ. ಎಲ್ಲರೆದುರು ನಗೆಪಾಟಲಾಗುವುದಕ್ಕಿಂತ ಒಲ್ಲೆ ಅನ್ನುವುದೇ ವಾಸಿ ಅಲ್ಲವೇ?" ಎಂದು ಕೇಳಿದ್ದಾನೆ.

ಖಂಡಿತ ಹೋಗು ಎಂದು ಬರೆದೆ. ಯಾಕೆ ಹಾಗೆ ಬರೆದೆ ಎಂಬುದನ್ನು ನಿಮಗೂ ಹೇಳಬೇಕು ಅನ್ನಿಸಿತು. ಸಚಿನ್‌ನ ನಮ್ಮ ಸೊಸೈಟಿಯಲ್ಲಿ ಮೀನಿನ ಮಾತನ್ನು ಸ್ವಲ್ಪ ಮೆಲ್ಲಗೇ ಆಡಬೇಕಾಗುತ್ತದೆ. ನಮ್ಮ ಪತ್ರಿಕೆಯಲ್ಲಾದರೂ ಧೈರ್ಯವಾಗಿ ಆಡೋಣ. ಮೀನು ತಿನ್ನದ ಮನೆಯ ಮಕ್ಕಳೂ ಓದಬಹುದು. ಇದು ಅಡಿಗೆಯ ವಿಷಯವಲ್ಲ, ಕಲಿಕೆಯ ವಿಷಯ.

ಮೊದಲು ಆ ಪಂದ್ಯದ ಕ್ರಮ ತಿಳಿಯೋಣ. ಅಮೆರಿಕೆಯಲ್ಲಿ ಬಾಸ್ ಎಂಬ ಮೀನಿನ ಪಂದ್ಯಗಳು ಬಹಳ ಜನಪ್ರಿಯ. ಅವಕ್ಕೆ ಇಂದಿನ ರೂಪ ಕೊಟ್ಟವನು ಅಲಬಾಮಾದ ರೇ ಸ್ಕಾಟ್ ಎಂಬ ವಿಮಾ ಏಜೆಂಟ್. 1967ರ ಜೂನ್‌ನಲ್ಲಿ ಆರ್ಕನ್ಸಾ ರಾಜ್ಯದ ಬೀವರ್ ಲೇಕ್‌ನಲ್ಲಿ ಅವನು ಏರ್ಪಡಿಸಿದ ಪಂದ್ಯಕ್ಕೆ 106 ಜನ ಸೇರಿದ್ದರು. ಇಂಥ ಅನೇಕ ಪಂದ್ಯಗಳಲ್ಲಿ ಚೀಟಿ ಎತ್ತಿ ಜೋಡಿ ಮಾಡುತ್ತಾರೆ. ದೋಣಿಯ ಒಡೆಯ ಮುಂದೆ ನಿಲ್ಲುತ್ತಾನೆ. ಎಲ್ಲಿಗೆ ಹೋಗಬೇಕು, ಎಲ್ಲಿ ದೋಣಿ ನಿಲ್ಲಿಸಬೇಕು, ಎಲ್ಲ ಅವನ ತೀರ್ಮಾನ. ಜೊತೆಗಾರನಿಗೆ ಹಿಂಭಾಗ. ಮುಂದಿನವನು ಜಾಲಾಡಿಸಿ ಬಿಟ್ಟ ನೀರೇ ಹಿಂದಿನವನ ಪಾಲಿಗೆ. ಆದರೆ ಅವನ ತೂಕ ಬೇರೆ, ಬಹುಮಾನ ಬೇರೆ. ಹಿಡಿದ ಮೀನನ್ನು ದೋಣಿಯೊಳಗಿನ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಂಡು, ಕೊನೆಯಲ್ಲಿ ತೂಗಿ, ನೀರಿಗೆ ಬಿಡುತ್ತಾರೆ. ಸತ್ತ ಮೀನು ತಂದವನಿಗೆ ತೂಕದಲ್ಲಿ ಕಡಿತ. "ಹಿಡಿದದ್ದನ್ನು ಕೊಲ್ಲಬೇಡಿ" ಎಂಬ ಪ್ರಚಾರವನ್ನು ಸ್ಕಾಟ್ 1972ರಲ್ಲೇ ಆರಂಭಿಸಿದ್ದ. ನಮ್ಮಲ್ಲೂ ಕೊಡಗಿನ ವಾಲ್ನೂರಿನ ಬಳಿ ಕೊಡಗು ವನ್ಯಜೀವಿ ಸಂಘದವರು ಕಾವೇರಿಯಲ್ಲಿ ಹಿಡಿದು ಬಿಡುವ ಗಾಳದ ಸ್ಪರ್ಧೆ ನಡೆಸಿದ್ದುಂಟು.

ಈಗ ಯೋಚಿಸಿ. ದೋಣಿಯ ಹಿಂಭಾಗ ಅವಮಾನದ ಜಾಗವೇ? ಅಲ್ಲಿ ನಿಂತವನಿಗೆ ಮುಂದಿನವನ ಕೈ, ಕಣ್ಣು, ಕಾಲು ಎಲ್ಲ ಕಾಣುತ್ತವೆ. ಗಾಳಿ ಯಾವ ಕಡೆಯಿಂದ ಬೀಸಿದರೆ ಯಾವ ದಡಕ್ಕೆ ಹೋಗುತ್ತಾನೆ, ಮರದ ನೆರಳನ್ನು ಹೇಗೆ ನೋಡುತ್ತಾನೆ, ಮೀನು ಕಚ್ಚದಿದ್ದಾಗ ಎಷ್ಟು ಹೊತ್ತು ಕಾದು ಜಾಗ ಬದಲಿಸುತ್ತಾನೆ ಎಂಬುದನ್ನು ಅಷ್ಟು ಹತ್ತಿರದಿಂದ ನೋಡುವ ಭಾಗ್ಯ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು. 'ಅಮೆಚೂರ್' ಅಂದರೆ ಅರೆಬರೆ ಕಲಿತವನು ಎಂದು ನೀವು ತಿಳಿದಿರಬಹುದು. ಆ ಪದದ ಮೂಲ ಲ್ಯಾಟಿನ್. ಅಲ್ಲಿ ಅದರ ಅರ್ಥ 'ಪ್ರೀತಿಸುವವನು'. ಲಂಡನ್ನಿನಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದ ಐಸಾಕ್ ವಾಲ್ಟನ್ 1653ರಲ್ಲಿ ಪ್ರಕಟಿಸಿದ 'ದಿ ಕಂಪ್ಲೀಟ್ ಆಂಗ್ಲರ್' ಗಾಳದ ಬಗ್ಗೆ ಬಹು ಪ್ರಸಿದ್ಧವಾದ ಪುಸ್ತಕ. ಅದು ಇರುವುದು ಸಂಭಾಷಣೆಯ ರೂಪದಲ್ಲಿ. ಒಬ್ಬ ನುರಿತ ಗಾಳಗಾರ, ಇನ್ನೊಬ್ಬ ದಾರಿಯಲ್ಲಿ ಜೊತೆಯಾದ ಹೊಸಬ. ಹೊಸಬ ಕೇಳದಿದ್ದರೆ ಬಲ್ಲವನಿಗೆ ಹೇಳುವ ಸಂದರ್ಭವೇ ಬರುತ್ತಿರಲಿಲ್ಲ.

ನನ್ನ ತವರು ಸೊರಬ ತಾಲೂಕು. ಅಲ್ಲಿ ಇದೇ ಪಾಠವನ್ನು ಕೆಸರಿನಲ್ಲಿ ಇಳಿಸಿ ಕಲಿಸುತ್ತಾರೆ. ಅದರ ಹೆಸರು ಕೆರೆಬೇಟೆ. ನಿಮ್ಮಲ್ಲಿ ಕೆಲವರು 2024ರಲ್ಲಿ ಬಂದ 'ಕೆರೆಬೇಟೆ' ಸಿನಿಮಾ ನೋಡಿರಬಹುದು. ಬೇಸಿಗೆಯ ಕೊನೆಗೆ ಕೆರೆಯ ನೀರು ಮೊಣಕಾಲಿಗೋ ಸೊಂಟಕ್ಕೋ ಇಳಿದಾಗ ಊರಿನವರು ಇಂಥ ದಿನ ಬೇಟೆ ಎಂದು ಸಾರುತ್ತಾರೆ. ಒಂದು ಕೂಣಿಗೆ ಇಷ್ಟು ಎಂದು ಹಣ ಕಟ್ಟಿಸಿಕೊಳ್ಳುತ್ತಾರೆ. ಆ ಹಣ ಬಹುಮಟ್ಟಿಗೆ ಊರ ದೇವಸ್ಥಾನಕ್ಕೋ ಊರಿನ ಕೆಲಸಕ್ಕೋ ಹೋಗುತ್ತದೆ. ಕೂಣಿ ಅಂದರೆ ಬಿದಿರು ಸೀಳಿನಿಂದ ಹೆಣೆದ ಬುಟ್ಟಿಯಂಥ ಸಾಧನ. ಕೆಳಬಾಯಿ ಅಗಲ, ಮೇಲ್ಬಾಯಿ ಚಿಕ್ಕದು, ತಳವೇ ಇಲ್ಲ. ಸುತ್ತಲ ಹಳ್ಳಿಗಳಿಂದ ಸಾವಿರಾರು ಜನ ಕೆರೆ ಏರಿಯ ಮೇಲೆ ಕೂಣಿ ಹಿಡಿದು ಕಾಯುತ್ತಾರೆ. ಸೂಚನೆ ಸಿಕ್ಕ ಕೂಡಲೇ ಎಲ್ಲರೂ ಒಟ್ಟಿಗೇ ನೀರಿಗೆ!

ನಮ್ಮಣ್ಣ ಮೊದಲ ಸಲ ಕೂಣಿ ಹಿಡಿದಾಗ ಅವನಿಗೆ ಹದಿನಾಲ್ಕು ವರ್ಷ. ಅಪ್ಪ ಅವನನ್ನು ಒಬ್ಬನೇ ಬಿಡಲಿಲ್ಲ. ಕೇರಿಯ ಒಬ್ಬ ಅಜ್ಜನ ಜೊತೆ ಹಾಕಿದರು. ನಾನು ಏರಿಯ ಮೇಲೆ ನಿಂತು ನೋಡುತ್ತಿದ್ದೆ. ಎಲ್ಲರೂ ಕೆರೆಯ ನಡುವಿಗೆ ಓಡಿದರೆ ಅಜ್ಜ ಬದಿಯಲ್ಲೇ ನಿಧಾನ ಇಳಿದ. ಅಣ್ಣ ಚಡಪಡಿಸುತ್ತಿದ್ದ. "ತಮಾ, ಓಡಬ್ಯಾಡ. ಅಷ್ಟು ಜನ ಅಲ್ಲಿ ತುಳಿದ್ರೆ ಮೀನು ಎಲ್ಲಿಗೆ ಬರ್ತದೆ? ಇಲ್ಲಿಗೇ ಬರ್ತದೆ" ಅಂದ ಅಜ್ಜ. ಕೂಣಿಯನ್ನು ಕೆಸರಿಗೆ ಒತ್ತಿ, ಅಂಗೈಯನ್ನು ಬಿದಿರಿಗೆ ತಾಗಿಸಿ ಹಿಡಿಯಲು ಹೇಳಿಕೊಟ್ಟ. ಒಳಗೆ ಮೀನಿದ್ದರೆ ಬಿದಿರಿಗೆ ಡಿಕ್ಕಿ ಹೊಡೆಯುತ್ತದೆ. ಆಗ ಮೇಲ್ಬಾಯಿಂದ ಕೈ ಹಾಕಿ ತಲೆಯ ಹಿಂದೆ ಹಿಡಿಯಬೇಕು. ಚೇಳುಮೀನಾದರೆ ಮುಳ್ಳು ಚುಚ್ಚಿ ಕೈ ಉರಿಯುತ್ತದೆ, ಆದ್ದರಿಂದ ಮೊದಲು ಬೆರಳಿನಿಂದ ಮೆಲ್ಲಗೆ ಸವರಿ ಯಾವುದೆಂದು ತಿಳಿಯಬೇಕು. ಕಣ್ಣಿಗೆ ಏನೂ ಕಾಣದ ರಾಡಿ ನೀರಿನಲ್ಲಿ ಆ ಅಜ್ಜನಿಗೆ ಕೈಯೇ ಕಣ್ಣು. ಅಣ್ಣನಿಗೆ ಅಂದು ಸಿಕ್ಕಿದ್ದು ಎರಡೇ ಮೀನು. ಆದರೆ ಆಮೇಲಿನ ಬೇಸಿಗೆಗಳಲ್ಲಿ ಅವನು ಬರಿಗೈಲಿ ಬಂದದ್ದು ನನಗೆ ನೆನಪಿಲ್ಲ. ಕಲಿತವನಿಗಿಂತ ನುರಿತವನೇ ಮೇಲು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಇನ್ನು ಕಾವೇರಿಗೆ ಬರೋಣ. ಇಲ್ಲಿ ಒಂದು ಬೇಸರದ ಕಥೆಯೂ ಇದೆ.

ನಮ್ಮ ನದಿಗಳ ರಾಜ ಮೀನು ಮಹಶೀರ್. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಎಂಬ ಆಂಗ್ಲ ಅಧಿಕಾರಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಬರೆದ. ಅದು 1873ರಲ್ಲಿ ಮೊದಲು ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ. ಆಮೇಲೆ ಮಹಶೀರ್ ಹಿಡಿಯಲು ಕಾವೇರಿ, ಕಬಿನಿಗೆ ಸಾಹೇಬರು ಬರತೊಡಗಿದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತು. ಅಂದರೆ ಸುಮಾರು 54 ಕಿಲೋ, ಒಬ್ಬ ಆಳಿನ ತೂಕ! ದಾಖಲೆಯ ಪುಸ್ತಕದಲ್ಲಿ ಆ ಹೆಸರು ಇಂದಿಗೂ ಇದೆ.

ಆದರೆ ಇಂಥ ಬೇಟೆಗಳಲ್ಲಿ ರಾಡು ಹಿಡಿದವನ ಪಕ್ಕದಲ್ಲಿ ಇನ್ನೊಬ್ಬ ಇರುತ್ತಿದ್ದ. ನದಿ ದಡದ ಹಳ್ಳಿಯವನು, ಹರಿಗೋಲು ನಡೆಸುವವನು. ಯಾವ ಬಂಡೆಯ ಹಿಂದೆ ಮಡು ಇದೆ, ಯಾವ ಹೊತ್ತಿಗೆ ಮೀನು ಎಲ್ಲಿ ಬರುತ್ತದೆ ಎಂದು ಬಲ್ಲವನು. ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ ಉಂಡೆ ಕಟ್ಟಿ ಗಾಳಕ್ಕೆ ಮೆತ್ತುವವನು. ಹೌದು ಮಕ್ಕಳೇ, ಕಾವೇರಿಯ ಮಹಶೀರ್‌ಗೂ ನಮ್ಮ ರಾಗಿಯೇ ಇಷ್ಟ! ಮೀನು ದಾರ ಎಳೆದುಕೊಂಡು ಪ್ರವಾಹಕ್ಕೆ ಓಡಿ ದಾರ ಬಂಡೆಗೆ ಸಿಕ್ಕಿಕೊಂಡಾಗ ನೀರಿಗಿಳಿದು ಬಿಡಿಸುತ್ತಿದ್ದವನೂ ಅವನೇ. ಆ ನೀರಿನಲ್ಲಿ ಮೊಸಳೆಗಳಿವೆ ಎಂಬುದನ್ನು ಮರೆಯಬೇಡಿ. ಇಂಥವರನ್ನು ಇಂಗ್ಲಿಷ್ ಗಾಳಗಾರರು 'ಗಿಲ್ಲಿ' ಎಂದು ಕರೆಯುತ್ತಿದ್ದರು. ಸ್ಕಾಟ್ಲೆಂಡಿನ ಭಾಷೆಯಿಂದ ಬಂದ ಪದ. ಅದರ ಅರ್ಥ 'ಹುಡುಗ', 'ಆಳು'. ನಿಜವಾಗಿ ಅನುಭವಿ ಯಾರು, ಹೊಸಬ ಯಾರು? ಬಲ್ಲವನಿಗೆ 'ಹುಡುಗ' ಎಂಬ ಹೆಸರು, ಬಲ್ಲವನ ಬಲದಿಂದ ಮೀನು ಎತ್ತಿದವನಿಗೆ ದಾಖಲೆಯಲ್ಲಿ ಹೆಸರು.

ನೀವು ತೇಜಸ್ವಿಯವರ 'ಕರ್ವಾಲೋ' ಓದಿಲ್ಲವಾದರೆ ಓದಿ. ದೊಡ್ಡ ವಿಜ್ಞಾನಿಯೊಬ್ಬರು ಹಳ್ಳಿಯ ಮಂದಣ್ಣನ ತಿಳುವಳಿಕೆಗೆ ಕೊಡುವ ಬೆಲೆ ನೋಡಿ. ತೇಜಸ್ವಿಯವರೂ ಗಾಳ ಹಿಡಿದು ನೀರ ಬದಿಯಲ್ಲಿ ಕೂರುತ್ತಿದ್ದವರು. ಕಲಿಯಬೇಕಾದರೆ ಯಾರ ಪಕ್ಕದಲ್ಲಿ ಕೂರಬೇಕೆಂದು ಅವರಿಗೆ ಗೊತ್ತಿತ್ತು.

ಕಾವೇರಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಡೈನಮೈಟ್ ಸಿಡಿಸಿ ಮೀನು ಕೊಲ್ಲುವವರ ಕಾಟ ಹೆಚ್ಚಾಗಿ ನದಿ ಬರಿದಾಗುತ್ತಿತ್ತು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಕಾವಲು ಹಾಕಿತು. ಮುಂದೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಜಂಗಲ್ ಲಾಡ್ಜಸ್‌ನ ಶಿಬಿರಗಳು ಬಂದವು. ಹಿಡಿದ ಮೀನನ್ನು ತೂಗಿ ಬಿಡಲೇಬೇಕು ಎಂಬ ನಿಯಮ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರೇ ಅಲ್ಲಿ ಮಾರ್ಗದರ್ಶಕರಾಗಿ ಸಂಬಳ ಪಡೆದರು. ನದಿಯನ್ನು ಅವರಷ್ಟು ಬಲ್ಲವರು ಯಾರು? 2010ರ ದಶಕದ ಆರಂಭದಲ್ಲಿ ಅಭಯಾರಣ್ಯದೊಳಗೆ ಗಾಳ ನಿಂತಿತು. ಅದರೊಂದಿಗೆ ಅವರ ಆ ಕೆಲಸವೂ ಹೋಯಿತು. ಮೀನಿಗೂ ನೋವುಂಟಲ್ಲ, ಆಟಕ್ಕಾಗಿ ಅದನ್ನು ಏಕೆ ಹಿಡಿಯಬೇಕು ಎಂಬ ಪ್ರಶ್ನೆ ನ್ಯಾಯವೇ. ಗಾಳಗಾರರಿದ್ದರೆ ನದಿಗೆ ಕಾವಲಿರುತ್ತದೆ ಎಂಬ ವಾದದಲ್ಲೂ ಹುರುಳಿದೆ. ಎರಡನ್ನೂ ಕೇಳಿ ನೀವೇ ಯೋಚಿಸಿ.

ಆ ಶಿಬಿರದಿಂದ ಉಳಿದ ಒಂದು ಆಸ್ತಿ ಮಾತ್ರ ದೊಡ್ಡದು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕ ಬರೆದಿಟ್ಟಿದ್ದರು. ವಿಜ್ಞಾನಿಗಳು ಅದನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದಾಗ ಎಲ್ಲರೂ ಬೆಚ್ಚಿದರು. ಒಟ್ಟು ಮಹಶೀರ್ ಸಂಖ್ಯೆ ಏರುತ್ತಿತ್ತು, ನಿಜ. ಆದರೆ ಏರುತ್ತಿದ್ದದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ, ಬೆನ್ನುಬ್ಬಿನ, ಕಿತ್ತಳೆ ರೆಕ್ಕೆಯ ದೊಡ್ಡ ಮೀನು ಕರಗಿಹೋಗುತ್ತಿತ್ತು. ಅಷ್ಟು ಪ್ರಸಿದ್ಧ ಮೀನು 'ಟಾರ್ ರೆಮಾದೇವಿ' ಎಂಬ ಜಾತಿಗೆ ಸೇರಿದ್ದೆಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ರಜೆ ಕಳೆಯಲು ಬಂದ ಹವ್ಯಾಸಿಗಳ ಗಾಳಕ್ಕೆ ಬಿದ್ದ ಮೀನುಗಳ ಲೆಕ್ಕವೇ ವಿಜ್ಞಾನಕ್ಕೆ ಆಧಾರವಾಯಿತು. ಹೊಸಬರಿಂದಲೂ ಉಪಯೋಗವುಂಟು, ಅವರು ಶ್ರದ್ಧೆಯಿಂದ ಇದ್ದರೆ.

ಆದ್ದರಿಂದ ಆ ಹುಡುಗನಿಗೆ ನಾಲ್ಕು ಮಾತು ಬರೆದೆ. ನನಗೆ ಬರುವುದಿಲ್ಲ ಎಂದು ಮೊದಲೇ ಹೇಳಿಬಿಡು. ಜೊತೆಗಾರನ ದೋಣಿಯಲ್ಲಿ ಅವನ ಮಾತು ಕೇಳು, ಪೆಟ್ರೋಲಿಗೆ ನಿನ್ನ ಪಾಲು ಕೊಡು. ಮೀನನ್ನು ಒದ್ದೆ ಕೈಯಲ್ಲೇ ಮುಟ್ಟು, ಬೇಗ ನೀರಿಗೆ ಬಿಡು. ಏನಾದರೂ ಸಿಕ್ಕಿದರೆ, ಫೋಟೋ ಕಳಿಸುವಾಗ ಯಾರು ಕಲಿಸಿದರೆಂದು ಅವರ ಹೆಸರನ್ನೂ ಬರೆ.

ನಿಮಗೆಲ್ಲ ಹೇಳುವ ಮಾತೂ ಇದೇ. ಸಂಘದ ಕಾರ್ಯಕ್ರಮದಲ್ಲಿ ಮೈಕು ಕೊಟ್ಟು ಕನ್ನಡದಲ್ಲಿ ಎರಡು ಮಾತಾಡಿ ಅಂದರೆ "ಮನೇ ನಥೀ ಆವಡ್ತುಂ" ಎಂದು ಓಡುತ್ತೀರಿ. ನನಗೆ ಗೊತ್ತು, ಓಡುವುದು ಭಾಷೆಗೆ ಹೆದರಿ ಅಲ್ಲ, ನಗುವವರಿಗೆ ಹೆದರಿ. ಅದು ದೋಣಿಯ ಮುಂದೆ ನಿಂತ ನಮ್ಮಂಥ ಹಿರಿಯರ ತಪ್ಪು. 'ಹ'ಕಾರ 'ಅ'ಕಾರ ತಪ್ಪಿತೆಂದು ನಕ್ಕ ಮನೆಯಲ್ಲಿ ಮಗು ಮತ್ತೆ ಬಾಯಿ ಬಿಡುವುದಿಲ್ಲ. ಕೆರೆಯಲ್ಲಿ ಆ ಅಜ್ಜ ನಕ್ಕಿದ್ದರೆ ನಮ್ಮಣ್ಣ ಮತ್ತೆ ಕೂಣಿ ಮುಟ್ಟುತ್ತಿರಲಿಲ್ಲ. ಹಿರಿಯರೇ, ದಯವಿಟ್ಟು ನಗಬೇಡಿ.

ಮಕ್ಕಳೇ, ಈ ರಜೆಯಲ್ಲಿ ಊರಿಗೆ ಹೋದಾಗ ಅಜ್ಜ ಅಜ್ಜಿಯ ಪಕ್ಕದಲ್ಲಿ ಕೂತು ಒಂದು ಕೆಲಸ ಕಲಿತು ಬನ್ನಿ. ಬುಟ್ಟಿ ಹೆಣೆಯುವುದಿರಲಿ, ರೊಟ್ಟಿ ತಟ್ಟುವುದಿರಲಿ, ಈಜುವುದಿರಲಿ. ಆ ಕೆಲಸದ ಕನ್ನಡ ಪದಗಳನ್ನೂ, ಕಲಿಸಿದವರ ಹೆಸರನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ತಪ್ಪಿದ್ದರೂ ಚಿಂತೆಯಿಲ್ಲ, ನಮ್ಮ ಪತ್ರಿಕೆಗೆ ಕಳಿಸಿ.

ನಿಮ್ಮ ಮಾಸಿ,
ಸಚಿನ್