ಅಮೆರಿಕದ ಜಾನಪದ ವಿಚಿತ್ರಜೀವಿಗಳು: ಒಂದೇ ಪಟ್ಟಿಯ ತೊಡಕುಗಳು

ಅಮೆರಿಕದ ಪ್ರಾದೇಶಿಕ ಜಾನಪದವನ್ನು ಪರಿಚಯಿಸುವ ಕೋಶಗಳಲ್ಲಿಯೂ ಜನಪ್ರಿಯ ಸಂಕಲನಗಳಲ್ಲಿಯೂ ಒಂದು ಬಗೆಯ ಪಟ್ಟಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ವಿಸ್ಕಾನ್ಸಿನ್ ರಾಜ್ಯದ ಹೋಡ್ಯಾಗ್, ಪೆನ್ಸಿಲ್ವೇನಿಯಾದ ಸ್ಕ್ವಾಂಕ್, ನ್ಯೂಜೆರ್ಸಿಯ ಜೆರ್ಸಿ ಡೆವಿಲ್, ಇಲಿನಾಯ್ ರಾಜ್ಯದ ಪಯಸಾ ಪಕ್ಷಿ, ಗ್ರೇಟ್ ಲೇಕ್ಸ್ ಸೀಮೆಯ ವಿಂಡಿಗೊ ಇವೆಲ್ಲವೂ ಅಲ್ಲಿ ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ಪ್ರತಿಯೊಂದಕ್ಕೂ ಒಂದು ಚಿತ್ರ, ಒಂದು ಪ್ರದೇಶ, ನಾಲ್ಕು ಸಾಲಿನ ವರ್ಣನೆ. ಓದುಗರಿಗೆ ಇದು ಅನುಕೂಲಕರವಾದ ವ್ಯವಸ್ಥೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಅಧ್ಯಯನದ ದೃಷ್ಟಿಯಿಂದ ಈ ಪಟ್ಟಿ ಒಂದು ದೊಡ್ಡ ಸಂಗತಿಯನ್ನು ಮರೆಮಾಚುತ್ತದೆ. ಇವುಗಳಲ್ಲಿ ಒಂದು ತಮಾಷೆ, ಇನ್ನೊಂದು ವ್ಯಾಪಾರದ ಸೋಗು, ಮತ್ತೊಂದು ರಾಜಕೀಯ ನಿಂದೆ, ಮಗದೊಂದು ಒಂದು ಸಮುದಾಯದ ನೈತಿಕ ಭಯ. ಇವನ್ನು ಸಮಾನ ನೆಲೆಯಲ್ಲಿಟ್ಟು ನೋಡುವುದು ವರ್ಗೀಕರಣದ ಸಣ್ಣ ಲೋಪವಷ್ಟೇ ಅಲ್ಲ. ಕಾಡು ಯಾರದಾಗಿತ್ತು, ಅದನ್ನು ಯಾರು ಕಡಿದರು ಎಂಬ ಚರಿತ್ರೆಯನ್ನೇ ಅದು ಅಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಈ ಚರ್ಚೆ ರಿಚರ್ಡ್ ಡಾರ್ಸನ್ ಅವರಿಂದ ಆರಂಭವಾಗುವುದು ಸಹಜ. 1950ರಲ್ಲಿ 'ಅಮೆರಿಕನ್ ಮರ್ಕ್ಯುರಿ' ಪತ್ರಿಕೆಯಲ್ಲಿ ಬರೆದ ಲೇಖನವೊಂದರಲ್ಲಿ ಅವರು 'ಫೇಕ್‌ಲೋರ್', ಅಂದರೆ ಹುಸಿ ಜಾನಪದ, ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಜೇಮ್ಸ್ ಸ್ಟೀವನ್ಸ್ 1925ರಲ್ಲಿ ಪ್ರಕಟಿಸಿದ ಪಾಲ್ ಬನ್ಯನ್ ಕಥೆಗಳೂ ಬಾಟ್ಕಿನ್ ಅವರ 1944ರ ಬೃಹತ್ ಸಂಕಲನವೂ ಅವರ ಟೀಕೆಗೆ ಗುರಿಯಾದವು. ಜನರ ಬಾಯಿಂದ ಸಂಗ್ರಹಿಸಿದ್ದು ಮಾತ್ರ ಜಾನಪದ, ಬರಹಗಾರನು ಮೇಜಿನ ಮೇಲೆ ಹೆಣೆದದ್ದು ಅಲ್ಲ ಎಂಬ ಅವರ ನಿಲುವು ಕ್ಷೇತ್ರಕಾರ್ಯಕ್ಕೆ ಶಿಸ್ತನ್ನು ತಂದುಕೊಟ್ಟಿತು. ನಮ್ಮ ಜಾನಪದ ಚರ್ಚೆಗಳಿಗೂ ಈ ಪದ ಬಂದು ಸೇರಿದೆ. ಆದರೆ ಅಲನ್ ಡಂಡೆಸ್ 1985ರಲ್ಲಿ ತೋರಿಸಿದಂತೆ, ಹುಸಿ ಎಂದು ತಳ್ಳಿಹಾಕಿದ ಮಾತ್ರಕ್ಕೆ ಅದು ಏಕೆ ಹುಟ್ಟಿತು ಎಂಬ ಪ್ರಶ್ನೆ ಪರಿಹಾರವಾಗುವುದಿಲ್ಲ. ಅಂಥ ಸೃಷ್ಟಿಗಳ ಹಿಂದೆ ರಾಷ್ಟ್ರಗಳ ಕೀಳರಿಮೆ ಕೆಲಸ ಮಾಡಿರುತ್ತದೆ. ಡಾರ್ಸನ್ ಅವರ ಮರಣಾನಂತರ 1982ರಲ್ಲಿ ಹೊರಬಂದ ಅವರದೇ ಗ್ರಂಥವು ಅಮೆರಿಕದ ಹಾಸ್ಯ ಐತಿಹ್ಯಗಳ ಇಂಥ ಪ್ರಾಣಿಗಳನ್ನೇ ಕುರಿತದ್ದಾಗಿದೆ ಎಂಬುದು ಕುತೂಹಲಕರ. ನಿಜ-ಹುಸಿ ಎಂಬ ಒರೆಗಲ್ಲು ಈ ಜೀವಿಗಳ ವಿಷಯದಲ್ಲಿ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಏಕೆ?

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಿಶಿಗನ್, ವಿಸ್ಕಾನ್ಸಿನ್, ಮಿನೆಸೋಟಗಳ ಬಿಳಿ ಪೈನ್ ಕಾಡುಗಳು ನಾಟಾ ಕಂಪನಿಗಳ ಕೈಗೆ ಬಂದವು. ಚಳಿಗಾಲವಿಡೀ ಹಿಮದ ನಡುವಣ ಶಿಬಿರಗಳಲ್ಲಿದ್ದು ಮರ ಕಡಿಯುತ್ತಿದ್ದ ಕೂಲಿಗಳು ರಾತ್ರಿಯ ಬಿಡುವಿನಲ್ಲಿ ಹೇಳಿಕೊಂಡ ಕಥೆಗಳಲ್ಲಿ ಒಂದು ವಿಚಿತ್ರ ಪ್ರಾಣಿಸಂಕುಲವೇ ಹುಟ್ಟಿಕೊಂಡಿತು. ಈ ಕಥೆಗಳಿಗೆ ಶ್ರೋತೃ ಮುಖ್ಯ. ಶಿಬಿರಕ್ಕೆ ಹೊಸದಾಗಿ ಬಂದ ಹುಡುಗನೆದುರು ಹಳಬರು ಮುಖ ಬಿಗಿಹಿಡಿದು ವಿವರ ನೀಡುತ್ತಾರೆ. ಸುತ್ತಲಿನವರು ಸಾಕ್ಷಿ ನುಡಿಯುತ್ತಾರೆ. ಹುಡುಗ ನಂಬುತ್ತಾನೆ, ನಂಬಿದ್ದಕ್ಕಾಗಿ ನಗೆಪಾಟಲಾಗುತ್ತಾನೆ, ಮುಂದಿನ ಚಳಿಗಾಲಕ್ಕೆ ತಾನೇ ಹಳಬನಾಗುತ್ತಾನೆ. ನಂಬಿಕೆಯು ಇಲ್ಲಿ ಕಥೆಯ ಆಧಾರವಾಗಿರದೆ ಒಂದು ದೀಕ್ಷೆಯ ಉಪಕರಣವಾಗಿದೆ.

ಇವುಗಳಲ್ಲಿ 'ಹೈಡ್‌ಬಿಹೈಂಡ್' ಎಂಬುದು ಯಾವಾಗಲೂ ಮನುಷ್ಯನ ಬೆನ್ನ ಹಿಂದೆಯೇ ಇರುವ ಪ್ರಾಣಿ. ಎಷ್ಟು ಬೇಗ ತಿರುಗಿ ನೋಡಿದರೂ ಅದು ಮತ್ತೆ ಬೆನ್ನ ಹಿಂದೆಯೇ. ಹೀಗಾಗಿ ಅದನ್ನು ಕಂಡವರಿಲ್ಲ. ಕಾಡಿಗೆ ಹೋಗಿ ಮರಳದ ಕೂಲಿಗಳನ್ನು ಅದೇ ಒಯ್ದಿತು ಎನ್ನುವುದು ವಾಡಿಕೆ. ಮರ ಕಡಿಯುವ ಕೆಲಸ ಆ ಕಾಲದ ಅತ್ಯಂತ ಅಪಾಯಕರ ದುಡಿಮೆಗಳಲ್ಲೊಂದು. ಉರುಳುವ ಮರ, ಮುರಿದು ಬೀಳುವ ಕೊಂಬೆ, ವಸಂತದ ಹೊಳೆಯಲ್ಲಿ ಒತ್ತೊತ್ತಾಗಿ ತೇಲುವ ದಿಮ್ಮಿಗಳು ಎಷ್ಟೋ ಜನರನ್ನು ಬಲಿ ತೆಗೆದುಕೊಂಡವು. ಹಿಂದೆ ನಿಂತು ಎಂದೂ ಕಣ್ಣಿಗೆ ಬೀಳದ ಪ್ರಾಣಿಯ ತಮಾಷೆ ಯಾವ ಅನುಭವದಿಂದ ಬಂದಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಈ ಜೀವಿಗಳ ಮೊದಲ ಪ್ರಸಿದ್ಧ ಸಂಕಲನ 1910ರದು. ಅದರ ಕರ್ತೃ ಮಿನೆಸೋಟದ ಅರಣ್ಯಾಧಿಕಾರಿಯಾಗಿ ಹೆಸರಾದ ವಿಲಿಯಂ ಟಿ. ಕಾಕ್ಸ್. ಚಿತ್ರ ಬರೆದವರು ಇನ್ನೊಬ್ಬ ಅರಣ್ಯಾಧಿಕಾರಿ ಕೋರ್ಟ್ ಡುಬಾಯ್ಸ್. ಪ್ರಾಣಿಗಳಿಗೆ ಲ್ಯಾಟಿನ್ ಹೆಸರಿಟ್ಟವರು ಕೇಂದ್ರ ಅರಣ್ಯ ಇಲಾಖೆಯ ವೃಕ್ಷವಿಜ್ಞಾನಿ ಜಾರ್ಜ್ ಸಡ್‌ವರ್ತ್. ದೇಶದ ಮರಗಳನ್ನು ಶಾಸ್ತ್ರೋಕ್ತವಾಗಿ ಹೆಸರಿಸುತ್ತಿದ್ದ ಕೈಯೇ ಕೂಲಿಗಳ ಕಟ್ಟುಕಥೆಗೂ ನಾಮಕರಣ ಮಾಡಿತು. ಪೆನ್ಸಿಲ್ವೇನಿಯಾದ ಹೆಮ್ಲಾಕ್ ಕಾಡಿನ ಸ್ಕ್ವಾಂಕ್‌ಗೆ ದೊರೆತ ಹೆಸರು 'ಲ್ಯಾಕ್ರಿಮಾಕಾರ್ಪಸ್ ಡಿಸಾಲ್ವೆನ್ಸ್'; ಕಣ್ಣೀರಾಗಿ ಕರಗುವ ದೇಹವುಳ್ಳದ್ದು ಎಂಬುದು ಅದರ ಸ್ಥೂಲ ಅರ್ಥ. ಮೈಗೆ ಹೊಂದದ ಚರ್ಮ, ಅದರ ತುಂಬ ನರುಲಿ. ತನ್ನ ಕುರೂಪಕ್ಕಾಗಿ ಅದು ಸದಾ ಅಳುತ್ತಿರುತ್ತದೆ. ಹಿಡಿದು ಚೀಲಕ್ಕೆ ಹಾಕಿಕೊಂಡು ಹೊರಟವನಿಗೆ ದಾರಿಯಲ್ಲಿ ಚೀಲ ಹಗುರವಾಯಿತು. ಬಿಚ್ಚಿ ನೋಡಿದರೆ ಕಣ್ಣೀರು ಮತ್ತು ಗುಳ್ಳೆಗಳಷ್ಟೇ ಉಳಿದಿದ್ದವು. ಬೋರ್ಹೆಸ್ ತನ್ನ ಕಾಲ್ಪನಿಕ ಜೀವಿಗಳ ಗ್ರಂಥಕ್ಕೆ ಇದನ್ನು ಸೇರಿಸಿಕೊಂಡದ್ದರಿಂದ ಸ್ಕ್ವಾಂಕ್ ವಿಶ್ವಸಾಹಿತ್ಯಕ್ಕೂ ಪರಿಚಿತವಾಯಿತು. ಪೆನ್ಸಿಲ್ವೇನಿಯಾದ ಹೆಮ್ಲಾಕ್ ಮರಗಳನ್ನು ಆ ದಶಕಗಳಲ್ಲಿ ಚರ್ಮ ಹದಮಾಡುವ ತೊಗಟೆಗಾಗಿ ಎಗ್ಗಿಲ್ಲದೆ ಉರುಳಿಸಲಾಗಿತ್ತೆಂಬುದನ್ನು ಮಾತ್ರ ಈ ಪಟ್ಟಿಗಳು ಹೇಳುವುದಿಲ್ಲ. ಕಾಕ್ಸ್ ಅವರಿಗೆ ಈ ಅರಿವು ಇತ್ತು. ಕಾಡಿನ ಸೀಮೆಗಳು ಕುಗ್ಗುತ್ತಿವೆ, ಅವುಗಳೊಡನೆ ಕೂಲಿಗಳೂ ಅವರ ಕಥೆಗಳೂ ಹೋಗಲಿವೆ ಎಂಬ ಕಳವಳದಿಂದಲೇ ಅವರು ಈ ಕೆಲಸ ಕೈಗೊಂಡರು.

ಹೋಡ್ಯಾಗ್‌ನ ಪ್ರಸಂಗ ಬೇರೆ ಬಗೆಯದು. ವಿಸ್ಕಾನ್ಸಿನ್‌ನ ರೈನ್‌ಲ್ಯಾಂಡರ್ ಎಂಬ ನಾಟಾ ಪಟ್ಟಣದ ಯೂಜೀನ್ ಶೆಪರ್ಡ್, ಕಾಡಿನಲ್ಲಿ ನಿಂತ ಮರಗಳ ಅಂದಾಜು ಮಾಡುವುದನ್ನೇ ವೃತ್ತಿಯಾಗಿಸಿಕೊಂಡವನು. 1893ರಲ್ಲಿ ಆತ ಕೊಂಬು, ಕೋರೆಹಲ್ಲು, ಬೆನ್ನುದ್ದಕ್ಕೂ ಮುಳ್ಳುಗಳಿರುವ ಭೀಕರ ಪ್ರಾಣಿಯೊಂದನ್ನು ಡೈನಮೈಟ್ ಬಳಸಿ ಕೊಂದ ಸುದ್ದಿ ಹಬ್ಬಿಸಿದ. 1896ರಲ್ಲಿ ಜೀವಂತ ಹೋಡ್ಯಾಗನ್ನೇ ಸೆರೆಹಿಡಿದೆನೆಂದು ಜಿಲ್ಲೆಯ ಜಾತ್ರೆಯಲ್ಲಿ ಮಬ್ಬುಬೆಳಕಿನ ಡೇರೆಯೊಳಗೆ ಪ್ರದರ್ಶನಕ್ಕಿಟ್ಟ. ಮರದಲ್ಲಿ ಕೆತ್ತಿ ಚರ್ಮ ಹೊದಿಸಿದ ಆ ಪ್ರಾಣಿಯನ್ನು ತಂತಿ ಎಳೆದು ಅಲುಗಿಸಲಾಗುತ್ತಿತ್ತು. ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯವರು ಪರೀಕ್ಷೆಗೆ ಬರುವ ಮಾತು ಎದ್ದಾಗ ಶೆಪರ್ಡ್ ಗುಟ್ಟು ಬಿಟ್ಟುಕೊಟ್ಟನೆಂದು ಹೇಳುತ್ತಾರೆ. ಸುಳ್ಳೆಂದು ತಿಳಿದ ಮೇಲೂ ಊರು ಅದನ್ನು ಕೈಬಿಡಲಿಲ್ಲ. ಇಂದಿಗೂ ಅದು ರೈನ್‌ಲ್ಯಾಂಡರ್‌ನ ಲಾಂಛನ. ಅಲ್ಲಿನ ಪ್ರೌಢಶಾಲೆಯ ಕ್ರೀಡಾ ತಂಡಗಳ ಹೆಸರೂ ಅದೇ.

ಡಾರ್ಸನ್ ಅವರ ಒರೆಗಲ್ಲಿನಿಂದ ನೋಡಿದರೆ ಇದು ಅಪ್ಪಟ ಸೋಗು. ಆದರೆ ಹೋಡ್ಯಾಗ್‌ನ ಹುಟ್ಟಿನ ಬಗ್ಗೆ ಶಿಬಿರಗಳಲ್ಲಿ ಇದ್ದ ಇನ್ನೊಂದು ಕಥೆ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ದಿಮ್ಮಿ ಎಳೆಯುವ ಎತ್ತುಗಳು ಬದುಕಿನುದ್ದಕ್ಕೂ ಹೊಡೆತ ತಿಂದು, ಬೈಗುಳ ಕೇಳಿ ಸಾಯುತ್ತವೆ. ಅವುಗಳ ಮೈಯಲ್ಲಿ ಸೇರಿಕೊಂಡ ಬೈಗುಳವೆಲ್ಲ ಹೋಗಬೇಕಾದರೆ ಏಳು ವರ್ಷ ಸುಡಬೇಕು. ಹಾಗೆ ಸುಟ್ಟ ಎತ್ತಿನ ಬೂದಿಯಿಂದ ಎದ್ದದ್ದೇ ಹೋಡ್ಯಾಗ್. ಜಾಹೀರಾತಿಗಾಗಿ ಬೊಂಬೆ ಮಾಡಿದವನು ಶೆಪರ್ಡ್ ಇರಬಹುದು. ಆದರೆ ಪಶುವಿಗೆ ಕೊಟ್ಟ ಹಿಂಸೆ ಮೃಗರೂಪ ತಾಳಿ ಎದ್ದುಬರುತ್ತದೆ ಎಂಬ ಆಶಯವನ್ನು ಜಾಹೀರಾತೆಂದು ತಳ್ಳಿಹಾಕಲಾಗದು. ಹುಸಿಯ ಒಳಗೂ ಇಂಥ ನಿಜದ ಪದರುಗಳಿರುತ್ತವೆ.

ಇಷ್ಟಾದರೂ ಕೂಲಿಗಳ ಈ ನಗೆಗೆ ಒಂದು ಮಿತಿಯಿದೆ. ಅವರು ಕಡಿದ ಕಾಡು ಬರಿದಾಗಿರಲಿಲ್ಲ. ಉತ್ತರ ವಿಸ್ಕಾನ್ಸಿನ್ ಮತ್ತು ಮಿನೆಸೋಟದ ಪೈನ್ ಸೀಮೆ ಒಜಿಬ್ವೆ ಜನರ ನೆಲ. 1837 ಮತ್ತು 1842ರ ಒಪ್ಪಂದಗಳ ಮೂಲಕ ಅದರ ಬಹುಭಾಗ ಅಮೆರಿಕ ಸರ್ಕಾರಕ್ಕೆ ಹೋಯಿತು. 1837ರದನ್ನು 'ಬಿಳಿ ಪೈನ್ ಒಪ್ಪಂದ' ಎಂದೇ ಕರೆಯುವುದುಂಟು. ಬೇಟೆ, ಮೀನುಗಾರಿಕೆ, ಸಂಗ್ರಹಣೆಯ ಹಕ್ಕನ್ನು ಒಜಿಬ್ವೆ ಜನರು ಉಳಿಸಿಕೊಂಡಿದ್ದರೂ ಆ ಹಕ್ಕಿಗೆ ಸರ್ವೋಚ್ಚ ನ್ಯಾಯಾಲಯದ ಮನ್ನಣೆ ಪಡೆಯಲು ಅವರು 1999ರವರೆಗೆ ಕಾಯಬೇಕಾಯಿತು. ಇದೇ ಕಾಡಿನಲ್ಲಿ, ಹೋಡ್ಯಾಗ್ ಹುಟ್ಟುವುದಕ್ಕೆ ಬಹು ಹಿಂದಿನಿಂದ, ಇನ್ನೊಂದು ಹೆಸರು ಇತ್ತು: ವಿಂಡಿಗೊ.

ಒಜಿಬ್ವೆ, ಕ್ರೀ ಮೊದಲಾದ ಅಲ್ಗಾಂಕಿಯನ್ ಭಾಷಿಕ ಸಮುದಾಯಗಳ ಕಥನಗಳಲ್ಲಿ ವಿಂಡಿಗೊ ಚಳಿಗಾಲದ ಕ್ಷಾಮದೊಡನೆ ಬರುತ್ತದೆ. ಅದರ ಎದೆ ಹಿಮಗಟ್ಟಿದ್ದು. ನರಮಾಂಸ ತಿಂದಷ್ಟೂ ಅದು ಬೆಳೆಯುತ್ತದೆ, ಬೆಳೆದಷ್ಟೂ ಹಸಿವು ಹೆಚ್ಚುತ್ತದೆ. ಹಸಿವಿನಲ್ಲಿ ತನ್ನವರನ್ನೇ ತಿಂದ ಮನುಷ್ಯನೂ ವಿಂಡಿಗೊ ಆಗಬಲ್ಲ. ಆಹಾರವನ್ನು ಹಂಚಿಕೊಂಡು ಚಳಿಗಾಲ ದಾಟಬೇಕಾದ ಸಣ್ಣ ಗುಂಪುಗಳಲ್ಲಿ ಅತಿಯಾಸೆಗಿಂತ ದೊಡ್ಡ ಅಪರಾಧವಿಲ್ಲ. ಇದು ಹೊಸಬನನ್ನು ನಗೆಪಾಟಲು ಮಾಡುವ ಕಥೆಯಲ್ಲ. ಒಜಿಬ್ವೆ ಪರಂಪರೆಯಲ್ಲಿ ಕೆಲವು ಕಥೆಗಳನ್ನು ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳಬೇಕೆಂಬ ನಿಯಮವಿದೆ. ಕಥೆಗೂ ಕಾಲಕ್ಕೂ ಇರುವ ಈ ಬಗೆಯ ನಂಟು ಅಕಾರಾದಿ ಪಟ್ಟಿಗೆ ದಕ್ಕುವಂಥದಲ್ಲ.

ಕಾಕ್ಸ್ ಅವರ ಗ್ರಂಥ ಬಂದ 1910ರಲ್ಲೇ ಇಂಗ್ಲಿಷ್ ಲೇಖಕ ಆಲ್ಜರ್ನನ್ ಬ್ಲ್ಯಾಕ್‌ವುಡ್ ಈ ಹೆಸರನ್ನು ತನ್ನ ಭಯಕಥೆಯೊಂದಕ್ಕೆ ಬಳಸಿಕೊಂಡ. ಅಲ್ಲಿಂದ ಮುಂದೆ ಸಿನಿಮಾ, ದೂರದರ್ಶನ, ಆಟಗಳಲ್ಲಿ ವಿಂಡಿಗೊ ಜಿಂಕೆಯ ಕವಲುಗೊಂಬು ಹೊತ್ತ ಮೃಗವಾಗಿ ಬದಲಾಗಿದೆ. ಮೂಲ ಕಥನಗಳಲ್ಲಿ ಕಾಣದ ಈ ಕೊಂಬುಗಳೇ ಈಗ ಅದರ ಗುರುತು. ಕೊಂಬು ಬಂದಾಗ ಅದರಿಂದ ಮನುಷ್ಯ ಹೊರಟುಹೋದ. ತಾನೂ ಅದಾಗಬಹುದು ಎಂಬ ಭಯ ಹೋಗಿ, ಹೊರಗಿನಿಂದ ಅದು ಬಂದು ಹಿಡಿದೀತು ಎಂಬ ರೋಮಾಂಚನ ಉಳಿಯಿತು. ಇದಕ್ಕೆ ಪ್ರತಿಯಾಗಿ ಒಜಿಬ್ವೆ ಲೇಖಕ ಬೇಸಿಲ್ ಜಾನ್‌ಸ್ಟನ್ ತಮ್ಮ 1995ರ ಗ್ರಂಥದಲ್ಲಿ, ವಿಂಡಿಗೊಗಳು ಅಳಿದಿಲ್ಲ, ಬೃಹತ್ ಕಂಪನಿಗಳ ರೂಪದಲ್ಲಿ ಮರುಹುಟ್ಟು ಪಡೆದಿವೆ ಎಂಬ ವಾದವನ್ನು ಮುಂದಿಟ್ಟರು. ಪೈನ್ ಕಾಡನ್ನು ಕೆಲವೇ ದಶಕಗಳಲ್ಲಿ ನುಂಗಿದ ನಾಟಾ ವ್ಯವಹಾರವನ್ನು ನೆನೆದಾಗ ಇದನ್ನು ಬರಿಯ ರೂಪಕವೆನ್ನಲು ನಾನು ಹಿಂಜರಿಯುತ್ತೇನೆ. ಕಡಿಯುವವರ ಕಥೆ ಮತ್ತು ನೆಲ ಕಳೆದುಕೊಂಡವರ ಕಥೆ ಒಂದೇ ಕಾಡಿನವು. ಆದರೆ ಅವು ಒಂದೇ ಜಾತಿಯವಲ್ಲ.

ಪಯಸಾದ ಉದಾಹರಣೆಯಲ್ಲಿ ಈ ಕಲಬೆರಕೆ ಇನ್ನೂ ಸ್ಪಷ್ಟ. 1673ರಲ್ಲಿ ಮಿಸಿಸಿಪಿ ನದಿಯಲ್ಲಿ ಸಾಗುತ್ತಿದ್ದ ಫ್ರೆಂಚ್ ಪಾದ್ರಿ ಮಾರ್ಕೆಟ್, ಇಂದಿನ ಆಲ್ಟನ್ ಪಟ್ಟಣದ ಬಳಿಯ ಬಂಡೆಯ ಮೇಲೆ ಮೂಲನಿವಾಸಿಗಳು ಬರೆದಿದ್ದ ಎರಡು ಚಿತ್ರಗಳನ್ನು ಕಂಡು ವರ್ಣಿಸಿದ್ದಾನೆ: ಜಿಂಕೆಯ ಕೊಂಬು, ಕೆಂಪು ಕಣ್ಣು, ಮನುಷ್ಯನಂಥ ಮುಖ, ಹುರುಪೆಗಳ ಮೈ, ದೇಹವನ್ನು ಸುತ್ತಿಬಂದು ಮೀನಿನಂತೆ ಮುಗಿಯುವ ಬಾಲ. ರೆಕ್ಕೆಯ ಮಾತು ಆ ವರ್ಣನೆಯಲ್ಲಿಲ್ಲ. ಜಾನ್ ರಸೆಲ್ ಎಂಬಾತ 1836ರಲ್ಲಿ ಇದಕ್ಕೊಂದು ನರಭಕ್ಷಕ ಪಕ್ಷಿಯ ಐತಿಹ್ಯವನ್ನು ಹೆಣೆದು ಪ್ರಕಟಿಸಿದ; ಹತ್ತೊಂಬತ್ತನೆಯ ಶತಮಾನದಲ್ಲೇ ಕಲ್ಲುಗಣಿಯವರು ಆ ಬಂಡೆಯನ್ನು ಒಡೆದರು. ಈಗ ಅಲ್ಲಿನ ಬಂಡೆಯ ಮೇಲೆ ಹೊಸದಾಗಿ ಬರೆದಿರುವ ಚಿತ್ರಕ್ಕೆ ರೆಕ್ಕೆಗಳಿವೆ. ಮೂಲನಿವಾಸಿಗಳ ಚಿತ್ರ ನಾಶವಾಗಿ, ವಲಸಿಗನ ಕಥೆ ಮೂಲನಿವಾಸಿಗಳ ಹೆಸರಿನಲ್ಲಿ ಉಳಿದಿದೆ. ಹುಸಿ ಜಾನಪದವೆಂಬ ಪದವನ್ನು ಬಳಸಲೇಬೇಕಾದರೆ ಅದಕ್ಕೆ ತಕ್ಕ ಸ್ಥಳ ಹೋಡ್ಯಾಗ್‌ನ ಡೇರೆಯಲ್ಲ, ಈ ಬಂಡೆ.

ಜೆರ್ಸಿ ಡೆವಿಲ್ ಬಗ್ಗೆ ಒಂದೆರಡು ಮಾತು ಸಾಕು. ಲೀಡ್ಸ್ ಎಂಬಾಕೆಗೆ 1735ರಲ್ಲಿ ಹದಿಮೂರನೆಯ ಮಗುವಾಗಿ ಹುಟ್ಟಿದ ಪಿಶಾಚಿ ಎಂಬುದು ಪ್ರಚಲಿತ ಕಥೆ. ಚರಿತ್ರಕಾರ ಬ್ರಯನ್ ರೀಗಲ್ ಇದರ ಹಿಂದೆ ಡೇನಿಯಲ್ ಲೀಡ್ಸ್ ಎಂಬ ಪಂಚಾಂಗಕರ್ತನ ಕುಟುಂಬದ ಮೇಲಿನ ದ್ವೇಷವನ್ನು ಗುರುತಿಸುತ್ತಾರೆ. ಕ್ವೇಕರ್ ಪಂಥದವರು ಲೀಡ್ಸ್‌ನನ್ನು ಸೈತಾನನ ದೂತನೆಂದು 1700ರ ಕಿರುಹೊತ್ತಗೆಯಲ್ಲಿ ಜರೆದಿದ್ದರು. ಆತನ ಮಗ ಟೈಟನ್‌ನ ಸಾವಿನ ದಿನವನ್ನೇ ಭವಿಷ್ಯ ನುಡಿದು ಬೆಂಜಮಿನ್ ಫ್ರಾಂಕ್ಲಿನ್ ಗೇಲಿ ಮಾಡಿದ್ದ. ಬೈಗುಳವೊಂದು ಎರಡು ಶತಮಾನಗಳಲ್ಲಿ ಮೃಗವಾಯಿತು. 1909ರ ಜನವರಿಯ ಗುಲ್ಲಿನ ಬೆನ್ನಲ್ಲೇ ಫಿಲಡೆಲ್ಫಿಯಾದ ಅಗ್ಗದ ಪ್ರದರ್ಶನಾಲಯವೊಂದು ಕಾಂಗರೂವಿಗೆ ಬಣ್ಣ ಬಳಿದು ಕೃತಕ ರೆಕ್ಕೆ ಕಟ್ಟಿ ಅದೇ ಜೆರ್ಸಿ ಡೆವಿಲ್ ಎಂದು ತೋರಿಸಿತು.

ಈ ಕಥೆಗಳನ್ನು ಕನ್ನಡಕ್ಕೆ ತರುವವರ ಮುಂದೆ ಪದಗಳ ಆಯ್ಕೆಯ ಪ್ರಶ್ನೆ ಏಳುತ್ತದೆ. ಹೋಡ್ಯಾಗನ್ನೂ ಹೈಡ್‌ಬಿಹೈಂಡನ್ನೂ ಗುಮ್ಮ ಎಂದರೆ ಹೆಚ್ಚಿನ ನಷ್ಟವಿಲ್ಲ. ಹೆದರಿಸುವವನಿಗೆ ತಾನು ಹೆದರಿಸುತ್ತಿದ್ದೇನೆಂದು ಗೊತ್ತಿರುವುದು ಎರಡಕ್ಕೂ ಸಮಾನ. ವಿಂಡಿಗೊಗೆ ರಾಕ್ಷಸ, ಪಿಶಾಚಿ ಎಂಬ ಸಿದ್ಧಪದಗಳನ್ನು ಅಂಟಿಸುವುದನ್ನು ನಾನು ಒಪ್ಪಲಾರೆ. ರಾಕ್ಷಸ ಹುಟ್ಟಿನಿಂದಲೇ ರಾಕ್ಷಸ. ಪಿಶಾಚಿಯಾಗಲು ಸಾಯಬೇಕು. ವಿಂಡಿಗೊ ಆಗುವವನು ಬದುಕಿರುವಾಗಲೇ, ತನ್ನವರ ನಡುವೆ ಕುಳಿತಿರುವಾಗಲೇ ಆಗುತ್ತಾನೆ. ಆ ಹೆಸರನ್ನು ಹಾಗೆಯೇ ಉಳಿಸಿಕೊಂಡು, ಅದು ಯಾರ ಭಾಷೆಯದು, ಯಾವ ನೆಲದ್ದು ಎಂಬುದನ್ನು ಮೊದಲ ಸಾಲಿನಲ್ಲೇ ನಮೂದಿಸುವುದು ಸೂಕ್ತ.