ಕಾರು ಕೊಟ್ಟಿರಿ, ಹೆಸರು ಕೊಟ್ಟಿರಾ?



ಕೆಲವು ವರ್ಷಗಳಿಂದ ನನ್ನ ಹಳೆಯ ವಿದ್ಯಾರ್ಥಿಗಳು ದೂರವಾಣಿಯಲ್ಲಿ ಕೇಳುವ ಪ್ರಶ್ನೆಗಳ ಸ್ವರೂಪವೇ ಬದಲಾಗಿದೆ. ಹಿಂದೆ ಮಕ್ಕಳನ್ನು ಯಾವ ಮಾಧ್ಯಮದ ಶಾಲೆಗೆ ಸೇರಿಸಬೇಕು, ಪಿಯುಸಿಯಲ್ಲಿ ವಿಜ್ಞಾನವೋ ವಾಣಿಜ್ಯವೋ ಎಂದು ಕೇಳುತ್ತಿದ್ದರು. ಈಗ "ಸರ್, ಒಂದು ಹಳೆಯ ಕಾರು ನೋಡಿದ್ದೇನೆ, ತೆಗೆದುಕೊಳ್ಳಲೇ?" ಎನ್ನುತ್ತಾರೆ. ಇಪ್ಪತ್ತು ವರ್ಷಗಳಿಗೂ ಮೀರಿ ಒಂದೇ ಹಳೆಯ ಕಾರನ್ನು ಓಡಿಸಿಕೊಂಡು ಬಂದ ಮೇಷ್ಟ್ರು ಎಂಬ ಕಾರಣಕ್ಕೆ ಅವರಿಗೆ ನನ್ನ ಮೇಲೆ ಈ ಭರವಸೆ ಹುಟ್ಟಿರಬೇಕು.

ಎಷ್ಟು ಕಿಲೋಮೀಟರು ಓಡಿದೆ, ಟೈರು ಹೇಗಿದೆ, ಕ್ಲಚ್ಚು ಬದಲಿಸಬೇಕೇ, ಎಂಜಿನ್ನು ಎಣ್ಣೆ ಕುಡಿಯುತ್ತದೆಯೇ ಎಂಬುವು ಅವರ ಪ್ರಶ್ನೆಗಳು. ಇವಕ್ಕೆಲ್ಲ ಉತ್ತರ ಕೊಡಲು ನಾನು ಬೇಕಿಲ್ಲ. ನಂಬಿಕಸ್ಥ ಮೆಕ್ಯಾನಿಕ್ಕನೊಬ್ಬನನ್ನು ಕರೆದೊಯ್ದು, ಎಂಜಿನ್ನು ತಣ್ಣಗಿರುವಾಗಲೇ ಗಾಡಿಯನ್ನು ಚಾಲೂ ಮಾಡಿಸಿ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆಯೇ ಎಂದು ನೋಡಿ, ನೆಲಹಾಸನ್ನು ಎತ್ತಿ ತುಕ್ಕನ್ನೂ ವೆಲ್ಡಿಂಗ್ ಗುರುತನ್ನೂ ಪರೀಕ್ಷಿಸಿದರೆ ಗಾಡಿಯ ಅರ್ಧ ಜಾತಕ ಒಂದು ಗಂಟೆಯಲ್ಲಿ ಹೊರಬೀಳುತ್ತದೆ. ಆದರೆ ಜಾತಕದ ಇನ್ನರ್ಧ ಕಾಗದದಲ್ಲಿರುತ್ತದೆ. ಅದನ್ನು ಕೊಳ್ಳುವವರೂ ಕೇಳುವುದಿಲ್ಲ, ಮಾರುವವರಂತೂ ಕೇಳುವುದೇ ಇಲ್ಲ. ಈ ಗಾಡಿ ಇಂದು ಯಾರ ಹೆಸರಿನಲ್ಲಿದೆ? ಎಂದು, ಯಾರ ಹೆಸರಿಗೆ ಬದಲಾಗುತ್ತದೆ? ಇಂದಿನ ಬರಹ ಈ ಎರಡು ಪ್ರಶ್ನೆಗಳನ್ನು ಕುರಿತದ್ದು. ಮುಖ್ಯವಾಗಿ ಮಾರುವವರಿಗಾಗಿ ಬರೆಯುತ್ತಿದ್ದೇನೆ.

2023ರ ಫೆಬ್ರವರಿಯಲ್ಲಿ ಬಾಕಿ ಉಳಿದ ಸಂಚಾರ ದಂಡಗಳಿಗೆ ನಮ್ಮ ರಾಜ್ಯದಲ್ಲಿ ಶೇಕಡಾ 50ರ ರಿಯಾಯಿತಿ ಘೋಷಣೆಯಾದುದು ನಿಮಗೆ ನೆನಪಿರಬಹುದು. ಆಗ ನನ್ನ ಷಡ್ಡಕರೊಬ್ಬರು, ಕುತೂಹಲಕ್ಕೆಂದು, ಕೆಲವು ವರ್ಷಗಳ ಹಿಂದೆ ಮಾರಿದ್ದ ತಮ್ಮ ಕಾರಿನ ಸಂಖ್ಯೆಯನ್ನು ಹಾಕಿ ನೋಡಿದರು. ಅವರು ಹಾಸನ ಬಿಟ್ಟು ಹೊರಗೆ ಹೆಚ್ಚು ಓಡಾಡದವರು. ಆದರೆ ಅವರ ಗಾಡಿ ಬೆಂಗಳೂರಿನಲ್ಲಿ ಕೆಂಪು ದೀಪ ದಾಟಿತ್ತು, ಏಕಮುಖ ರಸ್ತೆಯಲ್ಲಿ ಎದುರಾಗಿ ನುಗ್ಗಿತ್ತು, ನಿಲ್ಲಿಸಬಾರದ ಕಡೆ ನಿಂತಿತ್ತು. ಒಟ್ಟು ಹನ್ನೊಂದು ಪ್ರಕರಣಗಳು! ಅವರು ಕಾರನ್ನು ಮಾರಿದ್ದು ಒಬ್ಬ ದಲ್ಲಾಳಿಗೆ. ಖಾಲಿ ಫಾರಂಗಳಿಗೆ ಸಹಿ ಹಾಕಿ, ಹಣ ಎಣಿಸಿಕೊಂಡು, ಕೈಮುಗಿದು ಬಂದಿದ್ದರು. ದಲ್ಲಾಳಿಯ ದೂರವಾಣಿ ಸಂಖ್ಯೆ ಅಷ್ಟರಲ್ಲಿ ಬದಲಾಗಿತ್ತು. ಕಾರು ಯಾರ ಬಳಿ ಇದೆಯೆಂದು ತಿಳಿಯಲು ಅವರಿಗೆ ಯಾವ ದಾರಿಯೂ ಉಳಿದಿರಲಿಲ್ಲ. ಸರ್ಕಾರದ ಪುಸ್ತಕದಲ್ಲಿ ಮಾತ್ರ ಅವರೇ ಮಾಲೀಕರು.

"ದಂಡ ತಾನೆ, ಕಟ್ಟಿಬಿಟ್ಟರಾಯಿತು" ಎಂದು ನೀವು ಹೇಳಬಹುದು. ದಂಡವಾದರೆ ಸರಿ. ಆದರೆ ಗಾಡಿ ಕೆಂಪು ದೀಪವನ್ನಷ್ಟೇ ದಾಟುವುದಿಲ್ಲ.

ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 6ರಂದು ಒಂದು ತೀರ್ಪು ನೀಡಿತು. ಸಂಗತಿ ಹೀಗಿದೆ. 2009ರ ಮೇ 27ರ ಬೆಳಿಗ್ಗೆ ಬೀದಿಯಲ್ಲಿ ನಡೆದುಹೋಗುತ್ತಿದ್ದ ಒಬ್ಬ ಮಹಿಳೆಗೂ ಜೊತೆಯಲ್ಲಿದ್ದ ಆಕೆಯ ಬಂಧುವಿಗೂ ಹಿಮ್ಮುಖವಾಗಿ ಬಂದ ಮಾರುತಿ 800 ಕಾರೊಂದು ಡಿಕ್ಕಿ ಹೊಡೆಯಿತು. ಆ ಬಂಧು ಸ್ಥಳದಲ್ಲೇ ಪ್ರಾಣಬಿಟ್ಟರು. ಪರಿಹಾರ ಕೊಡಬೇಕಾದವರು ಯಾರು ಎಂಬ ಪ್ರಶ್ನೆ ಬಂದಾಗ ನೋಂದಾಯಿತ ಮಾಲೀಕರು, "ನಾನು ಅದನ್ನು 2007ರಲ್ಲೇ ಮಾರಿದ್ದೇನೆ" ಎಂದರು. ಅವರಿಂದ ಕೊಂಡವರು ಮತ್ತೊಬ್ಬರಿಗೆ ಮಾರಿದ್ದರು, ಅವರು ಮಗದೊಬ್ಬರಿಗೆ. ಹೀಗೆ ಕಾರು ಕೈಯಿಂದ ಕೈಗೆ ಸಾಗಿದ್ದರೂ ನೋಂದಣಿ ಪುಸ್ತಕದಲ್ಲಿ ಮೊದಲನೆಯವರ ಹೆಸರು ಕದಲದೆ ಕುಳಿತಿತ್ತು. ಕೊನೆಯದಾಗಿ ಕೊಂಡವರೇ ಹೊಣೆ ಎಂದು ಹೈಕೋರ್ಟು ಹೇಳಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಆದುದರಿಂದ ಪರಿಹಾರದ ಹೊಣೆ ಅವರದೇ ಎಂದು ತೀರ್ಮಾನವಾಯಿತು.

ಈ ತೀರ್ಪನ್ನು ಮೊದಲ ಬಾರಿ ಓದಿದಾಗ ನನಗೂ ಕಠಿಣವೆನಿಸಿತು. ಗಾಡಿಯ ಮುಖ ನೋಡಿ ಎರಡು ವರ್ಷಗಳಾಗುತ್ತ ಬಂದ ಮನುಷ್ಯ, ಯಾರೋ ಓಡಿಸಿದ ಚಕ್ರಕ್ಕೆ ಬೆಲೆ ತೆರಬೇಕೇ? ಆದರೆ ಇನ್ನೊಂದು ಬದಿಯಲ್ಲಿ ನಿಂತು ನೋಡಿ. ಮನೆಯ ಒಬ್ಬರನ್ನು ಕಳೆದುಕೊಂಡ ಕುಟುಂಬದ ಕೈಯಲ್ಲಿ ಇರುವುದು ಕಾರಿನ ಸಂಖ್ಯೆಯೊಂದೇ. ಆ ಸಂಖ್ಯೆಯ ಹಿಂದೆ ಒಂದು ಹೆಸರಿದೆ. ಆ ಹೆಸರಿನ ಹಿಂದೆ ಇನ್ನೂ ನಾಲ್ಕು ಹೆಸರುಗಳು ಅಡಗಿವೆ, ಹೋಗಿ ಹುಡುಕಿಕೊಂಡು ಬನ್ನಿ ಎಂದು ಅವರಿಗೆ ಹೇಳುವುದು ಯಾವ ನ್ಯಾಯ? ನೋಂದಣಿಯಾಗದ ಮಾರಾಟಗಳ ಜಾಡು ಹಿಡಿಯುವ ಭಾರವನ್ನು ಸಂತ್ರಸ್ತರ ಮೇಲೆ ಹೊರಿಸಬಾರದು ಎಂಬುದೇ ನ್ಯಾಯಾಲಯದ ವಿವೇಚನೆಯ ತಿರುಳು. ಯೋಚಿಸಿದಷ್ಟೂ ಅದು ಸರಿಯೆಂದೇ ನನಗೆ ತೋರುತ್ತದೆ.

ನನ್ನ ವಿದ್ಯಾರ್ಥಿಗಳಿಗೆ ಇದನ್ನು ತಿಳಿಸಲು ಶಾಲೆಯ ಹಾಜರಿ ಪುಸ್ತಕವೇ ಸಾಕು. ಹುಡುಗನೊಬ್ಬ ಊರು ಬಿಟ್ಟುಹೋದ ಎಂದು ಇಡೀ ತರಗತಿಗೆ ಗೊತ್ತಿರುತ್ತಿತ್ತು. ಆದರೂ ಟಿ.ಸಿ. ಪಡೆಯುವವರೆಗೆ ಅವನ ಹೆಸರನ್ನು ನಾವು ಹೊಡೆದುಹಾಕುತ್ತಿರಲಿಲ್ಲ. ಪ್ರತಿದಿನ ಕೂಗುತ್ತಿದ್ದೆವು, ಗೈರುಹಾಜರಿ ಹಾಕುತ್ತಿದ್ದೆವು, ತನಿಖೆಗೆ ಬಂದವರಿಗೆ ಲೆಕ್ಕ ಒಪ್ಪಿಸುತ್ತಿದ್ದೆವು. ಹುಡುಗ ಎಲ್ಲಿದ್ದಾನೆ ಎಂಬುದು ಒಂದು ವಿಷಯ. ಹೆಸರು ಎಲ್ಲಿದೆ ಎಂಬುದು ಇನ್ನೊಂದು. ಕಾರಿನ ಟಿ.ಸಿ. ಎಂದರೆ ಫಾರಂ 29 ಮತ್ತು 30. ಕಾಯ್ದೆಯ 50ನೆಯ ಕಲಮಿನ ಪ್ರಕಾರ, ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಸಾರಿಗೆ ಕಛೇರಿಗೆ ತಿಳಿಸಬೇಕು. ಮಾರಿದವರ ಗಡುವು ಮೊದಲು ಮುಗಿಯುತ್ತದೆ ಎಂಬುದನ್ನು ಗಮನಿಸಿ. "ಅದು ಕೊಂಡವರ ತಲೆನೋವು" ಎಂಬ ನಮ್ಮ ಜನರ ನಂಬಿಕೆಗೆ ಕಾನೂನಿನಲ್ಲಿ ಆಧಾರವಿಲ್ಲ.

ಹಾಗಿದ್ದರೂ ಈ ಕೆಲಸ ಏಕೆ ಆಗುವುದಿಲ್ಲ? ನಾನು ಕಂಡಂತೆ ಕಾರಣಗಳು ಎರಡು. ಮೊದಲನೆಯದು ದಲ್ಲಾಳಿಯ ಅನುಕೂಲ. ಸಹಿ ಹಾಕಿದ ಖಾಲಿ ಫಾರಂ ಅವನ ಚೀಲದಲ್ಲಿದ್ದರೆ ಕಾರನ್ನು ಎಷ್ಟು ಕೈ ಬೇಕಾದರೂ ದಾಟಿಸಬಹುದು. ಕೊನೆಯ ಗಿರಾಕಿ ಸಿಕ್ಕಾಗ ಅವನ ಹೆಸರು ತುಂಬಿದರಾಯಿತು. ಕೊನೆಯ ಗಿರಾಕಿಯೂ ಆ ಫಾರಂ ಅನ್ನು ಕಪಾಟಿನಲ್ಲಿಟ್ಟು ಮರೆತರೆ ಮುಗಿಯಿತು.

ಎರಡನೆಯದು ದಾಕ್ಷಿಣ್ಯ. ಇದು ನಮ್ಮ ನಿಮ್ಮಂಥವರ ರೋಗ. ಬಂಧುಗಳ ನಡುವೆ, ಸಹೋದ್ಯೋಗಿಗಳ ನಡುವೆ ಗಾಡಿ ಕೈಬದಲಾಗುವಾಗ, "ಭಾವ, ನೀವು ಕೀಲಿಕೈ ಕೊಡಿ ಸಾಕು, ಕಾಗದ ಆಮೇಲೆ ನೋಡೋಣ" ಎಂಬ ಮಾತು ಬರುತ್ತದೆ. ಕಾಗದ ಕೇಳಿದರೆ ನಂಬಿಕೆಯಿಲ್ಲವೆಂದು ಭಾವಿಸಿಯಾರು ಎಂದು ನಾವು ಸುಮ್ಮನಾಗುತ್ತೇವೆ. ನನ್ನ ಅಭಿಪ್ರಾಯದಲ್ಲಿ ಮಾತು ತಿರುಗುಮುರುಗಾಗಿದೆ. ಕಾಗದ ಮಾಡಿಸದೆ ಬಿಡುವುದೇ ಸಂಬಂಧಕ್ಕೆ ಅಪಾಯ. ಭಾವಮೈದುನನ ಕಾರಿನ ಅಪಘಾತಕ್ಕೆ ಭಾವನ ಮನೆಗೆ ನೋಟೀಸು ಬಂದ ದಿನ ಆ ದಾಕ್ಷಿಣ್ಯ ಎಲ್ಲಿ ಉಳಿದೀತು?

ನಾನು 2003ರಲ್ಲಿ ನಿವೃತ್ತ ಅಂಚೆಪಾಲಕರೊಬ್ಬರಿಂದ ಕಾರು ಕೊಂಡೆ. ಹಣ ಕೊಟ್ಟ ಮರುದಿನ ಬೆಳಿಗ್ಗೆ ಅವರು ಕೊಡೆ ಹಿಡಿದು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. "ಮೇಷ್ಟ್ರೇ, ರಜೆ ಹಾಕಿ. ಸಾರಿಗೆ ಕಛೇರಿಗೆ ಹೋಗಿಬರೋಣ. ಗಾಡಿಯ ಜೊತೆ ನನ್ನ ಹೆಸರನ್ನೂ ನೀವು ಓಡಿಸಿಕೊಂಡು ಹೋಗುವುದು ಬೇಡ" ಎಂದರು. ಅರ್ಧ ದಿನ ಸಾಲಿನಲ್ಲಿ ನಿಂತೆವು. ನನಗೆ ಅದರಿಂದ ಅವಮಾನವೇನೂ ಆಗಲಿಲ್ಲ. ಇಂಥವರ ಗಾಡಿಯಲ್ಲಿ ಮೋಸವಿರಲಾರದು ಎಂಬ ಧೈರ್ಯವೇ ಬಂತು. ಆ ಧೈರ್ಯ ಸುಳ್ಳಾಗಲಿಲ್ಲ.

ಕೊಳ್ಳುವವರಿಗೂ ಇದರಲ್ಲಿ ಸ್ವಾರ್ಥವಿದೆ. ಮೂರನೆಯ ವ್ಯಕ್ತಿಗೆ ಸಂಬಂಧಿಸಿದ ವಿಮೆಯು ಗಾಡಿಯ ಜೊತೆಗೇ ವರ್ಗವಾಯಿತೆಂದು ಕಾನೂನು ಭಾವಿಸುತ್ತದೆ. ಆದರೆ ನಿಮ್ಮ ಗಾಡಿಗೇ ಆದ ಹಾನಿಗೆ ಪರಿಹಾರ ಬೇಕಾದರೆ ಪಾಲಿಸಿ ನಿಮ್ಮ ಹೆಸರಿಗೆ ಬದಲಾಗಿರಬೇಕು. ಅದಕ್ಕೆ 14 ದಿನಗಳೊಳಗೆ ಕಂಪನಿಗೆ ಬರೆದು ತಿಳಿಸಬೇಕು. ಇನ್ನು ಹಿಂದಿನ ಮಾಲೀಕರು ಕ್ಲೇಮು ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಅವರದು. ಮಾರುವವರು ಅದರ ಪ್ರಮಾಣಪತ್ರವನ್ನು ಕಂಪನಿಯಿಂದ ಪಡೆದಿಟ್ಟುಕೊಂಡರೆ ಮೂರು ವರ್ಷಗಳೊಳಗೆ ತಮ್ಮ ಮುಂದಿನ ಕಾರಿಗೆ ಬಳಸಬಹುದು. ಸಾಲವಿದ್ದ ಗಾಡಿಯಾದರೆ ಸಾಲ ತೀರಿದ ಮಾತ್ರಕ್ಕೆ ಆರ್.ಸಿ.ಯಲ್ಲಿನ ಬ್ಯಾಂಕಿನ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ; ಫಾರಂ 35 ಕೊಟ್ಟು ತೆಗೆಸಬೇಕು. ಹೊರರಾಜ್ಯದ ಗಾಡಿ ಅಗ್ಗವೆಂದು ಆಸೆಪಡುವವರು ಆ ರಾಜ್ಯದ ನಿರಾಕ್ಷೇಪಣಾ ಪತ್ರ, ಇಲ್ಲಿನ ಮರುನೋಂದಣಿ, ಇಲ್ಲಿ ಕಟ್ಟಬೇಕಾದ ಜೀವಿತಾವಧಿ ತೆರಿಗೆ ಇವೆಲ್ಲವನ್ನೂ ಕೂಡಿ ನೋಡಿದ ಮೇಲೆ ಅಗ್ಗವೋ ಅಲ್ಲವೋ ಎಂದು ಹೇಳಲಿ.

ಇನ್ನೊಂದು ಸಂಗತಿಯನ್ನು ಸಂಕೋಚದಿಂದಲೇ ಬರೆಯುತ್ತೇನೆ, ಏಕೆಂದರೆ ನಮ್ಮ ಬಂಧುವರ್ಗದಲ್ಲೇ ಇದು ಎರಡು ಮನೆಗಳಲ್ಲಿದೆ. ತಂದೆ ತೀರಿಕೊಂಡಿದ್ದಾರೆ, ಕಾರು ಇನ್ನೂ ಅವರ ಹೆಸರಿನಲ್ಲೇ ಓಡುತ್ತಿದೆ. ನೆನಪಿಗಾಗಿ ಹಾಗೇ ಇರಲಿ ಎಂಬ ಭಾವನೆ ಅರ್ಥವಾಗುವಂಥದೇ. ಆದರೆ ನಿಯಮದ ಪ್ರಕಾರ ಮರಣವಾದ 30 ದಿನಗಳೊಳಗೆ ಕಛೇರಿಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರು ಅರ್ಜಿ ಕೊಡಬೇಕು. ಅಪ್ಪನ ನೆನಪು ಫೋಟೋದಲ್ಲಿರಲಿ, ಅವರ ಹೆಸರಿಗೆ ದಂಡದ ಚೀಟಿ ಬರುವುದು ಬೇಡ.

ಸರ್ಕಾರದ ಪಾಲೂ ಇದರಲ್ಲಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳಲ್ಲಿ ಒಳ್ಳೆಯ ಅಂಶವೊಂದಿದೆ. ಸಾರಿಗೆ ಕಛೇರಿಯಿಂದ ಅಧಿಕಾರಪತ್ರ ಪಡೆದ ಹಳೆಯ ವಾಹನಗಳ ವ್ಯಾಪಾರಿಗೆ ನಾವು ಗಾಡಿಯನ್ನು ಒಪ್ಪಿಸಿ ಆ ಬಗ್ಗೆ ಆನ್‌ಲೈನಿನಲ್ಲಿ ತಿಳಿಸಿದರೆ, ಅಲ್ಲಿಂದ ಮುಂದೆ ಆ ವ್ಯಾಪಾರಿಯನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ. ಆದುದರಿಂದ ವ್ಯಾಪಾರಿಗೆ ಮಾರುವವರು ಆ ಅಧಿಕಾರಪತ್ರವಿದೆಯೇ ಎಂದು ಮೊದಲು ಕೇಳಬೇಕು. ಇದೇ ಸೌಲಭ್ಯ ಇಬ್ಬರು ಸಾಮಾನ್ಯರ ನಡುವಿನ ಮಾರಾಟಕ್ಕೂ ಏಕೆ ಇರಬಾರದು? ಮಾರಿದವರು ಗುರುತಿನ ದಾಖಲೆಗಳೊಡನೆ ತಿಳಿಸಿ, ಕೊಂಡವರು ತಮ್ಮ ದೂರವಾಣಿಗೆ ಬಂದ ಸಂಖ್ಯೆಯನ್ನು ಒತ್ತಿ ಒಪ್ಪಿದೊಡನೆ ಹೊಣೆ ಬದಲಾಗುವಂತೆ ಮಾಡುವುದು ಇಂದಿನ ಕಾಲದಲ್ಲಿ ಅಸಾಧ್ಯವೇನಲ್ಲ. ಅದು ಬರುವವರೆಗೆ ನಮ್ಮ ರಕ್ಷಣೆ ನಮ್ಮ ಕೈಯಲ್ಲೇ ಇದೆ.

ಆದುದರಿಂದ ನನ್ನ ಸಲಹೆ ಇಷ್ಟು. ಖಾಲಿ ಫಾರಂಗೆ ಸಹಿ ಹಾಕಬೇಡಿ. ಕೊಳ್ಳುವವರ ಹೆಸರು, ವಿಳಾಸ ತುಂಬಿದ ಮೇಲೆಯೇ ಹಾಕಿ. ಗಾಡಿ ಒಪ್ಪಿಸಿದ ದಿನಾಂಕ ಮತ್ತು ಗಂಟೆಯನ್ನು ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ಅವರ ಗುರುತಿನ ಚೀಟಿಯ ಪ್ರತಿಯನ್ನು ಇಟ್ಟುಕೊಳ್ಳಿ. ಫಾರಂ ಸಲ್ಲಿಸಲು ನೀವೂ ಜೊತೆಗೆ ಹೋಗಿ. ಅದು ಸಾಧ್ಯವಿಲ್ಲದಿದ್ದರೆ ಒಂದು ಸಣ್ಣ ಠೇವಣಿಯನ್ನು ಕೊಂಡವರಿಂದ ಪಡೆದು, ಹೊಸ ಹೆಸರಿನ ಆರ್.ಸಿ. ತೋರಿಸಿದ ದಿನ ಹಿಂದಿರುಗಿಸುವುದಾಗಿ ಹೇಳಿ. ಐದು ಸಾವಿರ ರೂಪಾಯಿಯ ಆಸೆಗಾದರೂ ಕಾಗದ ಕಪಾಟಿನಿಂದ ಹೊರಬರುತ್ತದೆ.

ಈಗಾಗಲೇ ಮಾರಿ ಮರೆತಿರುವವರು ಇಂದು ಸಂಜೆಯೇ ಪರಿವಾಹನ್ ತಾಣದಲ್ಲೋ ಎಂಪರಿವಾಹನ್ ಆ್ಯಪಿನಲ್ಲೋ ಆ ಹಳೆಯ ಸಂಖ್ಯೆಯನ್ನು ಹಾಕಿ ನೋಡಿ. ಮಾಲೀಕರ ಹೆಸರು ಪೂರ್ತಿ ಕಾಣದಿದ್ದರೂ ಕಾಣುವ ನಾಲ್ಕಾರು ಅಕ್ಷರಗಳಲ್ಲಿ ನಿಮ್ಮ ಹೆಸರನ್ನು ನೀವು ಗುರುತಿಸಬಲ್ಲಿರಿ. ಗುರುತು ಸಿಕ್ಕರೆ ನಾಳೆಯೇ ಸಾರಿಗೆ ಕಛೇರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದು, ಕೊಂಡವರನ್ನು ಹುಡುಕಿ ಕೆಲಸ ಪೂರೈಸಿ. ಆ ಕಾರು ಈ ಹೊತ್ತು ಯಾವ ಬೀದಿಯಲ್ಲಿ, ಯಾರ ಕೈಯಲ್ಲಿ ಓಡುತ್ತಿದೆಯೋ ನಿಮಗೆ ತಿಳಿಯದು.